ಎತಿಯೆನ್‌ನ ಪೀಪಾಯಿ

ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಆ ವರ್ಷ ಭಟ್ಟಿ ಇಳಿಸಿದ ಬ್ರಾಂದಿಯಲ್ಲಿ ಒಂದು ಪೀಪಾಯಿಯನ್ನು ಅದರ ಹೆಸರಿಗೆ ಎತ್ತಿಡುತ್ತಾರೆ. ಓಕ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು. ನನ್ನದರ ಪಕ್ಕದಲ್ಲಿ ನನ್ನ ತಮ್ಮ ಎತಿಯೆನ್‌ನದು. ಅವನು ಹತ್ತೊಂಬತ್ತನೇ ವಯಸ್ಸಿನಲ್ಲಿ, ದ್ರಾಕ್ಷಿತೋಟದ ಇಳಿಜಾರಿನಲ್ಲಿ ಟ್ರಾಕ್ಟರ್ ಮಗುಚಿ ಸತ್ತ.

ಮರದಲ್ಲಿ ಇರುವಷ್ಟು ದಿನ ನಮ್ಮ ಈ ಬ್ರಾಂದಿಗೆ, ಕೋನ್ಯಾಕ್‌ಗೆ, ವಯಸ್ಸಾಗುತ್ತದೆ. ಗಾಜಿನ ಜಾಡಿಗೆ ಸುರಿದ ದಿನ ಅದು ನಿಲ್ಲುತ್ತದೆ. ಅದಕ್ಕೇ ಅಮ್ಮನ ಮುಂದೆ ಎತಿಯೆನ್‌ನ ಪೀಪಾಯಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಈ ಮಾರ್ಚಿನಲ್ಲಿ ಫಿರ್ಮಾನ್ ಮಾವ ಆ ಮಾತು ಎತ್ತಿದ. ಅಮ್ಮನ ತಮ್ಮನಾದ ಅವನೇ ನೆಲಮಾಳಿಗೆ ನೋಡಿಕೊಳ್ಳುವವನು. ಪೀಪಾಯಿಯೊಳಗೆ ಗಾಜಿನ ಕೊಳವೆ ಇಳಿಬಿಟ್ಟು ಒಂದಿಷ್ಟು ತೆಗೆದು ಅಮ್ಮನ ಕೈಗೆ ಕೊಟ್ಟ.

"ಬರೀ ಹಲಗೆ ನೆಕ್ಕಿದ ಹಾಗಿದೆ, ಅಕ್ಕ. ಇನ್ನೊಂದು ಚಳಿಗಾಲ ಇಟ್ರೆ ಚೆಲ್ಲೋದೇ."

ಅಮ್ಮ ಕುಡಿದಳು. "ನನಗೇನೂ ಗೊತ್ತಾಗ್ತಿಲ್ಲ."

"ನಿನ್ನ ಸೂಪಿಗೆ ಉಪ್ಪಿಲ್ಲದ್ದೂ ನಿನಗೆ ಗೊತ್ತಾಗಲ್ಲ. ಇಪ್ಪತ್ತೆರಡು ವರ್ಷದಿಂದ ತಿಂತಿದೀವಲ್ಲ."

ಅವಳು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಗೋಡೆಯ ಕಪ್ಪು ಬೂಷ್ಟನ್ನು ಬೆರಳಿನಿಂದ ಕೆರೆಯುತ್ತಾ ನಿಂತಳು.

"ಜಾಡಿ ಮೇಲೆ ವಯಸ್ಸು ಎಷ್ಟು ಅಂತ ಬರೀತೀಯ?"

"ನಲವತ್ತೊಂದು."

"ನಲವತ್ತೊಂದಕ್ಕೆ ಅವನಪ್ಪನಿಗೆ ಕಿವಿ ಪಕ್ಕ ಎಲ್ಲ ಬೆಳ್ಳಗಾಗಿತ್ತು," ಅಂದಳು ಅಮ್ಮ. ನನ್ನ ಕಡೆ ತಿರುಗಿ, "ಎಲೋದಿ, ಲಾಳಿಕೆ ತಗೊಂಡು ಬಾ," ಅಂದಳು.

ನಾನು ಹೋಗಿ ತಂದುಕೊಟ್ಟೆ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಜಾಡಿಯ ಬಾಯಿಗೆ ತಾನೇ ಹಿಡಿದಳು. ಪೀಪಾಯಿಯಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಮಿಕ್ಕದ್ದು ವರ್ಷವರ್ಷವೂ ಆವಿಯಾಗಿ ಗಾಳಿಗೆ ಹೋಗಿತ್ತು. ಆದರೂ ಮುಗಿಯಲು ಮಧ್ಯಾಹ್ನವಾಯಿತು. ಮಾವ ಎರಡು ಸಲ ಕೈ ಬದಲಿಸೋಣ ಅಂದ. ಅವಳು ಕೊಡಲಿಲ್ಲ. ಕೊನೆಯ ಹನಿ ಬಿದ್ದ ಮೇಲೂ ಲಾಳಿಕೆ ಹಿಡಿದೇ ಇದ್ದಳು.

"ಆಯ್ತು, ಅಕ್ಕ."

"ಕಾಣುತ್ತೆ."

ಬಿರಡೆ ಒತ್ತಿ, ಮೇಣ ಹಚ್ಚಿ, ಚೀಟಿ ಕಟ್ಟಿದೆವು. ಮಾವ ಒದ್ದೆ ಬಟ್ಟೆ ಹಿಡಿದು ಪೀಪಾಯಿಯ ಮೇಲಿನ ಹೆಸರಿನ ಹತ್ತಿರ ಹೋದ. ಅಲ್ಲೇ ನಿಂತು ಅಮ್ಮನ ಮುಖ ನೋಡಿದ.

"ಅದು ಇರಲಿ," ಅಂದಳು ಅಮ್ಮ. "ಒಳಗೆ ಬಿಸಿನೀರು ಹಾಕು. ಒಣಗಿದ್ರೆ ಹಲಗೆ ಬಿಟ್ಕೊಳ್ಳುತ್ತೆ."

ನೀರು ಕಾಯಿಸಲು ಅವಳೇ ಮೆಟ್ಟಿಲು ಹತ್ತಿ ಹೋದಳು.