ಯಾರ ಕಣ್ಣಿನ ಕತೆ

ಗೇಟಿನ ಅಗುಳಿಗೆ ಮೂರನೆಯ ಬಾರಿ ಕೈಹಾಕಿದ ತಮ್ಮನನ್ನು ಅತ್ತಿಗೆಯ ಧ್ವನಿ ಹಿಂದಿನಿಂದ ತಡೆಯಿತು.

"ಮತ್ತೆ ಎಲ್ಲಿಗಯ್ಯಾ ಹೊರಟೆ? ಹೆಣದ ಗಾಡಿ ಬರೋಕೆ ಇನ್ನೂ ಒಂದು ಗಂಟೆ ಇದೆ."

"ಪ್ರೆಸ್ಸಲ್ಲಿ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದೀನಿ ಅತ್ತಿಗೆ. ಅಣ್ಣನ ಮುಖ ನೋಡಾಯ್ತಲ್ಲ."

"ಹನ್ನೊಂದು ವರ್ಷದ ಮೇಲೆ ಬಂದವನು ಒಂದು ಗಂಟೆ ನಿಂತ್ರೆ ನಿನ್ನ ಗಂಟೇನೂ ಹೋಗಲ್ಲ," ಎಂದು ಆಕೆ ಒಳಗೆ ಹೋದರು.

ತಮ್ಮ ನಿಂತ, ಅವನ ಕಾಲುಗಳು ನಿಲ್ಲಲಿಲ್ಲ. ಅಂಗಳವನ್ನು ಉದ್ದಕ್ಕೂ ಅಡ್ಡಕ್ಕೂ ಅಳೆಯತೊಡಗಿದ. ಸಹಸ್ರಾರು ಪುಸ್ತಕಗಳಿಗೆ ರಟ್ಟು ಕಟ್ಟಿಯೂ ಒಂದರ ಒಳಪುಟವನ್ನು ಕಣ್ಣೆತ್ತಿ ನೋಡದವನು ಅವನು. ಕತೆಯ ಅಂಗಾಂಗಗಳನ್ನು ಬಿಡಿಸಿ ಮಕ್ಕಳಿಗೆ ತೋರಿಸುವುದರಲ್ಲಿಯೇ ಆಯುಷ್ಯ ಸವೆಸಿದವನು ಅಣ್ಣ. ಒಂದೇ ಗರ್ಭದಿಂದ ಇಂಥ ಇಬ್ಬರನ್ನು ಇಳಿಸಿದ ಭಗವಂತನ ಚಿತ್ತವನ್ನು ಬಲ್ಲವರಾರು?

*

ಹನ್ನೊಂದು ವರ್ಷದ ಹಿಂದೆ ತಾಯಿ ತಮ್ಮನ ಮನೆಯಲ್ಲಿದ್ದಳು. ಮರೆವು ಮುಸುಕಿ, ಬೀದಿಗಿಳಿದರೆ ತನ್ನ ಮನೆ ಯಾವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ; ಎರಡು ಸಲ ವಾಹನಗಳ ನಡುವೆ ಸಿಕ್ಕಿದ್ದಳು. ಆ ದಿನ ತಮ್ಮ ಹೊರಗಿನಿಂದ ಬೀಗ ಜಡಿದು ಕೆಲಸಕ್ಕೆ ಹೋದ. ಮಧ್ಯಾಹ್ನ ಒಳಗೇನೋ ಬಿದ್ದ ಸದ್ದು ಕೇಳಿದ ನೆರೆಯವರು, ಎರಡು ಬೀದಿ ಆಚೆಯ ಶಾಲೆಯಿಂದ ಅಣ್ಣನನ್ನು ಕರೆತಂದರು. ಬಾಗಿಲು ಒಡೆಯುವಷ್ಟರಲ್ಲಿ ಪ್ರಾಣ ಹೋಗಿತ್ತು.

ಸಂಜೆ, ನೆರೆದವರೆಲ್ಲರ ಎದುರಿನಲ್ಲಿ ಅಣ್ಣ ಅಂದದ್ದು ಇಷ್ಟೇ: "ನಾಯೀನೂ ಹಾಗೆ ಕೂಡಿಹಾಕಲ್ಲ ಕಣೋ."

*

ಮೆಟ್ಟಿಲ ಮೇಲೆ ಅಣ್ಣನ ಹಳೆಯ ವಿದ್ಯಾರ್ಥಿಗಳಿಬ್ಬರು ಕುಳಿತಿದ್ದರು: ಲಾರಿ ಓಡಿಸುವ ತರುಣ, ಪಾಳಿಯ ಉಡುಪಿನಲ್ಲೇ ಬಂದಿದ್ದ ನರ್ಸ್.

"ಕಥಾವಸ್ತು, ಪಾತ್ರ, ಸಂಘರ್ಷ, ಎಲ್ಲಾ ಪರೀಕ್ಷೆ ಮುಗಿದ ದಿನವೇ ಮರೆತೆ," ಎಂದ ಚಾಲಕ. "ಬೀಗದ ಕತೆ ಮಾತ್ರ ತಲೆಯಿಂದ ಇಳಿದಿಲ್ಲ ನೋಡು."

"ನಿಮ್ಮ ತರಗತಿಗೂ ಹೇಳಿದ್ರಾ?" ಎಂದು ನರ್ಸ್ ಕೇಳಿದಳು.

"ದೃಷ್ಟಿಕೋನದ ಪಾಠ ಅಂದ್ರೆ ಅದೇ ತಾನೆ. ತಾಯಿಯನ್ನ ಒಳಗಿಟ್ಟು ಬೀಗ ಹಾಕಿದ ತಮ್ಮನ ಕತೆ."

ಅಂಗಳ ಅಳೆಯುತ್ತಿದ್ದ ತಮ್ಮ ಅಲ್ಲೇ ನಿಂತ. ಹಾಗಾದರೆ ವರ್ಷವರ್ಷವೂ, ಪರರ ಮಕ್ಕಳೆದುರು, ಅಣ್ಣ ತನ್ನನ್ನು ಕಟಕಟೆಯಲ್ಲಿ ನಿಲ್ಲಿಸುತ್ತಲೇ ಬಂದನೆ? ಹೊರಟುಬಿಡಬೇಕೆನಿಸಿತು, ಕೇಳದೆ ಹೋಗುವುದೂ ಆಗಲಿಲ್ಲ.

"ಆ ತಮ್ಮ... ಖಳನಾಯಕನಾ?"

ಚಾಲಕ ನಕ್ಕ. "ನಾನೂ ಹಾಗೇ ಬರೆದು ಸೊನ್ನೆ ತಗೊಂಡೆ ಯಜಮಾನ್ರೇ. ಬೀಗ ಹಾಕಿದವನ ಕಣ್ಣಿಂದಲೇ ಬರೀಬೇಕು ಅಂತ ಮೇಷ್ಟ್ರ ಹಟ. ಬೆಳಗ್ಗೆ ತಾಯಿಗೆ ತಲೆ ಬಾಚಿದ್ನಾ, ಬೀಗ ಹಾಕಿ ಎಷ್ಟು ಸಲ ತಿರುಗಿ ನೋಡಿದ, ಕೆಲಸದಲ್ಲಿ ಕೈ ಓಡಿತಾ, ಇದನ್ನೆಲ್ಲ ಕೇಳೋರು. ನಾಲ್ಕು ಸಲ ಬರೆಸಿದ್ರು ನನ್ನ ಕೈಲಿ."

"ನಾನೊಂದು ದಿನ ಕೇಳಿದೆ," ಎಂದಳು ನರ್ಸ್. "ಸಾರ್, ಅಣ್ಣನ ಕಣ್ಣಿಂದ ಹೇಳಿದ್ರೆ ಹೇಗಿರುತ್ತೆ ಅಂತ. 'ಆ ಅಣ್ಣ ನಂಬಬಾರದ ನಿರೂಪಕ ಕಣಮ್ಮಾ, ಅವನ ಪಾಲಿನ ಕತೇನ ತಮ್ಮನೇ ಹೇಳಬೇಕು' ಅಂದ್ರು."

ತಮ್ಮ ಮೆಟ್ಟಿಲ ಹತ್ತಿರ ಬಂದ.

"ಸ್ವಲ್ಪ ಸರಿ ತಾಯಿ," ಎಂದು ಮೆಟ್ಟಿಲ ಮೇಲೆ ಅವರ ನಡುವೆ ಕುಳಿತ. ತಡೆದು ತಡೆದು ಶುರುಮಾಡಿದ.

"ಅಣ್ಣ ಆಗ ಪಾಠ ಮಾಡ್ತಿದ್ದ. ಯಾರೋ ಬಂದು ಕರೆದ್ರು. ಕೈಲಿದ್ದ ಸೀಮೆಸುಣ್ಣ ಇಡೋದೂ ಮರೆತು ಓಡಿದ. ಬೀಗ ನೋಡಿದ. ಅಮ್ಮಾ ಅಂತ ಕೂಗ್ತಾ ಬಡಿದ."

"ನೀವು ಅಲ್ಲಿದ್ರಾ?" ಎಂದು ಕೇಳಿದ ಚಾಲಕ.

"ಇರಲಿಲ್ಲ. ಸಂಜೆ ಬಂದಾಗ, ಮುರಿದ ಬಾಗಿಲನ್ನ ಗೋಡೆಗೆ ಒರಗಿಸಿದ್ರು. ಅದರ ಹೊರಮೈ ತುಂಬ ಸೀಮೆಸುಣ್ಣದ ಬಿಳೀ ಕೈಗುರುತು. ಭುಜದ ಎತ್ತರಕ್ಕೆ, ಸೊಂಟದ ಎತ್ತರಕ್ಕೆ..." ತಮ್ಮ ಬಾಗಿ ತನ್ನ ಅಂಗೈಯನ್ನು ಪಾದಗಳ ಪಕ್ಕಕ್ಕೆ ಇಳಿಸಿ ತೋರಿಸಿದ. "ಕೊನೇ ಎರಡು, ಇಷ್ಟು ಕೆಳಗೆ."