ಮೈಕಲನ ಬ್ಯಾಟರಿ

ಎಂಬತ್ನಾಲ್ಕು. ಕೊಲ್ಲಿ ದೇಶದ ಪಟ್ಟಣದೊಳಗಿನ ಖೈತಾನಿನ ಮನೆಯಿಂದ ಹೊರಡುವಾಗ ನೂರಕ್ಕೆ ನೂರು ಇದ್ದ ಬ್ಯಾಟರಿ, ಊರಾಚೆ ಸುಬಿಯಾದ ಮರಳುಗಾಡಿನಲ್ಲಿ ಡೇರೆಯ ಕೊನೆಯ ಗೂಟ ಹೊಡೆದು ಮುಗಿಸುವಷ್ಟರಲ್ಲಿ ಎಂಬತ್ನಾಲ್ಕಕ್ಕೆ ಇಳಿದಿತ್ತು. ಇಸಾಬೆಲ್ ಬಗ್ಗಿ ಅದರ ಪುಟ್ಟ ಪರದೆಯನ್ನು ಇನ್ನೊಮ್ಮೆ ನೋಡಿದಳು. ಅಂಕಿ ಬದಲಾಗಲಿಲ್ಲ. ಆರು ಮೊಬೈಲುಗಳು ತಾಯಿಹಂದಿಯ ಹೊಟ್ಟೆಗೆ ಬಾಯಿಟ್ಟ ಮರಿಗಳ ಹಾಗೆ ಅದಕ್ಕೆ ಅಂಟಿಕೊಂಡು ಮಲಗಿದ್ದವು.

‘ಕರೆಂಟೇ ಇಲ್ಲದೆ ಒಂದು ರಾತ್ರಿ’ ಎಂದು ಈ ಕ್ಯಾಂಪಿಗೆ ಹೆಸರಿಟ್ಟವನೇ ಇಗರ್ಜಿಯ ಬಳಗದ ರಾನ್ಸನ್. ವಾಟ್ಸಾಪಿನಲ್ಲಿ ಒಂದು ವಾರ ಅದನ್ನೇ ಬಡಿದಿದ್ದ. ಜನರೇಟರ್ ಬೇಡ, ಟಿವಿ ಬೇಡ, ನಮ್ಮ ಅಜ್ಜಂದಿರು ಚಿಮಿಣಿ ದೀಪದಲ್ಲಿ ಬದುಕಿದವರು ಎಂದಿದ್ದ. ಆ ಆರು ಮೊಬೈಲುಗಳಲ್ಲಿ ಎರಡು ಅವನವೇ.

“ಇರ್ಲಿ ಇರ್ಲಿ, ಮೈಕಲ್ ಬಾಬ್ ಎಮರ್ಜೆನ್ಸಿಗೆ ಅಂತ ತಂದದ್ದಲ್ವಾ? ನನ್ನದು ನಾಲ್ಕು ಪರ್ಸೆಂಟ್ ಇತ್ತು. ಇದಕ್ಕಿಂತ ದೊಡ್ಡ ಎಮರ್ಜೆನ್ಸಿ ಯಾವುದು?” ಎಂದು ಅವನು ನಕ್ಕ. ಇಸಾಬೆಲಳ ಗಂಡ ಮೈಕಲ್ ಕೂಡ ನಕ್ಕ. ಇಸಾಬೆಲ್ ನಗಲಿಲ್ಲ.

ಮೈಕಲನಿಗೆ ಐವತ್ತೆಂಟು. ಸಬ್ಹಾನಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ನಿದ್ದೆಯಲ್ಲಿ ಅವನ ಉಸಿರು ನಿಲ್ಲುತ್ತಿತ್ತು. ಗೊರಕೆ ಏರಿ ಏರಿ ಹೋಗಿ ಫಕ್ಕನೆ ಕಡಿದು ಬೀಳುತ್ತಿತ್ತು. ಇಸಾಬೆಲ್ ಮಲಗಿದಲ್ಲೇ ಒಂದು, ಎರಡು, ಮೂರು ಎಂದು ಎಣಿಸಿ, ಹದಿನೈದಾದ ಮೇಲೆ ಪಕ್ಕೆಗೆ ತಿವಿಯುತ್ತಿದ್ದಳು. ರಾತ್ರಿ ನಿದ್ದೆಗೆಟ್ಟವನು ಹಗಲು ತೂಕಡಿಸುತ್ತಿದ್ದ. ಕಳೆದ ವರ್ಷ ಫೆಬ್ರವರಿಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡೇ ನಿದ್ದೆ ಹೋಗಿ ಫಿಫ್ತ್ ರಿಂಗ್ ರೋಡಿನ ಬದಿಯ ಕಟ್ಟೆಗೆ ಗಾಡಿ ಹತ್ತಿಸಿದ್ದ. ಪಕ್ಕದಲ್ಲಿ ಇಸಾಬೆಲ್, ಹಿಂದೆ ಮಗಳು ರಿಯೋನಾ. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು.

ಆಮೇಲೆ ಡಾಕ್ಟರರು ಮೆಷಿನ್ ಬರೆದುಕೊಟ್ಟರು. ಮೂಗಿಗೆ ಮಾಸ್ಕು, ಮಾಸ್ಕಿಗೆ ಉದ್ದನೆಯ ಕೊಳವೆ, ಕೊಳವೆಯ ಆಚೆ ತುದಿಗೆ ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ. ಅದು ರಾತ್ರಿಯಿಡೀ ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. ಅದು ಬಂದ ಮೇಲೆ ಮೈಕಲ್ ಮತ್ತೆ ಮನುಷ್ಯನಾಗಿದ್ದ. ಆದರೆ ಒಂದೇ ಒಂದು ರಾತ್ರಿ ತಪ್ಪಿದರೂ ಸಾಕು, ಮರುದಿನ ಹತ್ತು ಗಂಟೆಗೆಲ್ಲ ರೆಪ್ಪೆ ಜೋಲುತ್ತಿತ್ತು. ನಾಳೆ ಶನಿವಾರ ಬೆಳಗ್ಗೆ ಅವನು ಏಳು ಸೀಟಿನ ಗಾಡಿ ಓಡಿಸಬೇಕು. ಅದೇ ಬಳಗದ, ಗಾಡಿಯಿಲ್ಲದ ಕ್ಯಾಲ್ವಿನ್, ಅವನ ಹೆಂಡತಿ, ಎಂಟು ತಿಂಗಳ ಅವರ ಮಗು, ಎಲ್ಲರೂ ಅದರಲ್ಲೇ ಬರುವವರು. ಇಸಾಬೆಲಳಿಗೆ ಲೈಸೆನ್ಸ್ ಇಲ್ಲ.

ಅದಕ್ಕೇ ಈ ಬ್ಯಾಟರಿ. ಖೈತಾನಿನ ಅಂಗಡಿಯ ಸಿರಾಜ್ ಮಾರುವಾಗಲೇ ಹೇಳಿದ್ದ: “ಬಾಯಮ್ಮ, ಮಲಗುವಾಗ ಐವತ್ತು ಇದ್ರೆ ಬೆಳಗ್ಗೆವರೆಗೆ ಧೈರ್ಯ ಉಂಟು. ಐವತ್ತರಿಂದ ಕೆಳಗೆ ಇಳಿದ್ರೆ ಮತ್ತೆ ನನ್ನನ್ನು ಬೈಬೇಡಿ.”

ಇಷ್ಟನ್ನು ಜೊತೆಯವರಿಗೆ ಹೇಳಿದ್ದರೆ ಕತೆ ಮುಗಿಯುತ್ತಿತ್ತು. ಹೇಳಬೇಕಾದವನು ಮೈಕಲ್. ಇಗರ್ಜಿಯ ಬಳಗದಲ್ಲಿ ಎಲ್ಲರಿಗೂ ಅಡ್ಡಹೆಸರು ಇಟ್ಟವನು ಅವನೇ. ಧ್ಯಾನಕೂಟದಲ್ಲಿ ಗೊರಕೆ ಹೊಡೆದ ಒಬ್ಬ ಹಿರಿಯರಿಗೆ ‘ಡೀಸೆಲ್’ ಎಂದು ಹೆಸರಿಟ್ಟಿದ್ದ. ಪಾಪ, ಆ ಮನುಷ್ಯ ಪೆನ್ಶನ್ ಆಗಿ ಊರಿಗೆ ಮರಳಿದರೂ ಹೆಸರು ಬೆನ್ನು ಬಿಟ್ಟಿರಲಿಲ್ಲ. ಈಗ ತನ್ನ ಸರದಿ ಬಂದೀತೆಂದು ಮೈಕಲನಿಗೆ ಹೆದರಿಕೆ. ಹೊರಡುವ ಮೊದಲು ಇಸಾಬೆಲಳನ್ನು ಮನೆಯ ದೇವರ ಆಲ್ತಾರಿನ ಮುಂದೆ ನಿಲ್ಲಿಸಿ, ‘ಯಾವ ಮನುಷ್ಯನಿಗೂ ಹೇಳುವುದಿಲ್ಲ’ ಎಂದು ಆಣೆ ಹಾಕಿಸಿದ್ದ.

ನಾಲ್ಕು ಗಂಟೆಗೆ ರಾನ್ಸನ್ ಹಾಡಿನ ಪೆಟ್ಟಿಗೆ ಸಿಕ್ಕಿಸಿದ. ಕ್ಯಾಲ್ವಿನ್ ಡೇರೆಯ ಸುತ್ತ ಬಣ್ಣದ ಬಲ್ಬುಗಳ ಸರ ಹಾಕಿದ. ಎಪ್ಪತ್ತೊಂದು. ಇಸಾಬೆಲ್ ಗಂಡನ ತೋಳು ಹಿಡಿದು ಗಾಡಿಯ ಹಿಂದಕ್ಕೆ ಎಳೆದೊಯ್ದಳು.

“ಹೇಳಿಬಿಡಿ ಮಾರಾಯ್ರೆ. ಬ್ಯಾಟ್ರಿ ಮೆಷಿನಿಗೆ ತಂದದ್ದು ಅಂತ ಒಂದು ಮಾತು.”

“ನಿನಗೆ ತಲೆ ಸರಿ ಉಂಟಾ? ರಾನ್ಸನ್ ಕಿವಿಗೆ ಬಿದ್ರೆ ನಾಳೆ ಬೆಳಗಾಗುದರೊಳಗೆ ಊರಲ್ಲಿ ಬಜ್ಪೆಯಿಂದ ಬೆಳ್ಮಣ್ಣು ತನಕ ಗೊತ್ತಾಗ್ತದೆ.”

“ಗೊತ್ತಾಗ್ಲಿ. ಇದೇನು ಕಳ್ಳತನವಾ?”

“ನನ್ನ ಹೆಸರು ಹೋಗ್ತದೆ.”

“ಉಸಿರು ಹೋಗುದಕ್ಕಿಂತ ಹೆಸರು ಹೋಗುದು ಒಳ್ಳೇದು.”

“ಸ್ವಲ್ಪ ಮೆಲ್ಲ ಮಾತಾಡು!”

“ಹಾಗಾದ್ರೆ ಕೊಡುದಿಲ್ಲ ಅಂತ ಹೇಳಿ.”

“ಕೇಳಿದವರಿಗೆ ಇಲ್ಲ ಅನ್ನುದು ಹೇಗೆ? ಒಟ್ಟಿಗೆ ಬಂದವರು.”

ಹೇಳಲಿಕ್ಕೂ ಆಗದು, ಕೊಡದೆ ಇರಲಿಕ್ಕೂ ಆಗದು. ಇಂಥವನ ಜೊತೆ ಇಪ್ಪತ್ತೇಳು ವರ್ಷ ಬಾಳಿದ್ದಕ್ಕೆ ತನಗೆ ಸ್ವರ್ಗದಲ್ಲಿ ಮುಂದಿನ ಸಾಲಿನ ಕುರ್ಚಿಯೇ ಸಿಗಬೇಕು ಎಂದುಕೊಂಡಳು ಇಸಾಬೆಲ್. ಗಾಡಿಯೊಳಗೆ ಕುಳಿತು ಎಲ್ಲ ಕೇಳಿಸಿಕೊಂಡ ರಿಯೋನಾ ಕಿಟಕಿ ಇಳಿಸಿ, “ಡ್ಯಾಡ್, ಜಸ್ಟ್ ಟೆಲ್ ದೆಮ್,” ಎಂದಳು.

“ನೀನು ಕಿಟಕಿ ಮುಚ್ಚು,” ಎಂದ ಮೈಕಲ್.

ಅಷ್ಟರಲ್ಲಿ ಡೇರೆಯ ಕಡೆಯಿಂದ ಘರ್ರೆಂದು ಸದ್ದು ಬಂತು. ಆ ಸದ್ದು ಇಸಾಬೆಲಳಿಗೆ ಅಡುಗೆಮನೆಯಲ್ಲಿ ಗೊತ್ತಿತ್ತು. ಮರಳುಗಾಡಿನಲ್ಲಿ ಕೇಳುವುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಓಡಿ ಬಂದು ನೋಡಿದರೆ ರಾನ್ಸನ್‌ನ ಹೆಂಡತಿ ರೋಶ್ನಿ ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದಿದ್ದಳು.

“ಮಿಕ್ಸಿ ತಂದಿದ್ದೀಯಾ ರೋಶ್ನಿ?”

“ಮತ್ತೆ? ಕೋಳಿಗೆ ಹಸಿರು ಮಸಾಲೆ ಫ್ರೆಶ್ ಇಲ್ಲದಿದ್ರೆ ಇವರ ಗಂಟಲಲ್ಲಿ ಇಳಿಯುದಿಲ್ಲ.”

“ಮನೆಯಲ್ಲಿ ಅರೆದು ತರ್ಲಿಕ್ಕೆ ಆಗ್ತಿರ್ಲಿಲ್ವಾ ಮಾರಾಯ್ತಿ?”

“ಅರೆದು ತಂದ್ರೆ ಫ್ರೆಶ್ ಹೇಗೆ ಆಗ್ತದೆ ಇಸಾಬೆಲ್ ಬಾಯ್?”

ಮಸಾಲೆ ನುಣ್ಣಗಾಯಿತು. ಮಸಾಲೆಯ ಹಿಂದೆಯೇ ಚಟ್ನಿ ಬಂತು. ಐವತ್ತೇಳು.

ಎಲ್ಲರೂ ಕೆಂಡ ಮಾಡುವುದರಲ್ಲಿದ್ದಾಗ ಇಸಾಬೆಲ್ ಒಂದೊಂದೇ ವಯರು ಕಿತ್ತು, ಬ್ಯಾಟರಿಯನ್ನು ಡೇರೆಯ ಮೂಲೆಗೆ ಹೊತ್ತುಕೊಂಡು ಹೋಗಿ ಕಂಬಳಿ ಮುಚ್ಚಿದಳು. ಹತ್ತು ನಿಮಿಷವೂ ಆಗಿರಲಿಲ್ಲ. ಬಲ್ಬು ಯಾಕೆ ಆರಿತೆಂದು ಹುಡುಕುತ್ತ ಕ್ಯಾಲ್ವಿನ್ ಒಳಗೆ ಬಂದ.

“ಆಂಟೀ, ಇದಕ್ಕೆಲ್ಲ ಕಂಬಳಿ ಹೊದೆಸ್ಬಾರ್ದು, ಬಿಸಿ ಆಗ್ತದೆ.”

“ಚಳಿ ಆಗ್ತದೆ ಅಂತ ಹೊದೆಸಿದ್ದಾ ಬಾಯ್?” ಹಿಂದಿನಿಂದ ರೋಶ್ನಿಯ ತಲೆ ಒಳಗೆ ತೂರಿತು. “ಒಂದು ಟೊಪ್ಪಿಯೂ ಹಾಕಿ.”

ಬ್ಯಾಟರಿ ಹೊರಗೆ ಬಂತು. ಬಲ್ಬು ಹತ್ತಿತು. ಇಸಾಬೆಲ್ ಈ ಸಲ ಅದರ ಮೇಲೆಯೇ ಕುಳಿತುಬಿಟ್ಟಳು. ಎಬ್ಬಿಸುವ ಧೈರ್ಯ ಯಾರಿಗಿದೆ ನೋಡೋಣ ಎಂದು ಸೆರಗು ಬಿಗಿದಳು.

ರಾನ್ಸನಿಗೆ ಇತ್ತು. “ಇಸಾಬೆಲ್ ಬಾಯ್, ಸ್ವಲ್ಪ ಏಳಿ. ತೇರ್ಸ್ ಆದ ಮೇಲೆ ಪ್ರೊಜೆಕ್ಟರ್ ಹಾಕುವ. ಊರಿನ ನಾಟಕದ ವಿಡಿಯೊ ಉಂಟು, ಎರಡೂವರೆ ಗಂಟೆ. ನಕ್ಕು ನಕ್ಕು ಸಾಯ್ತೀರಿ.”

“ಕರೆಂಟೇ ಇಲ್ಲದೆ ಒಂದು ರಾತ್ರಿ ಅಂದದ್ದು ಯಾರು?”

“ಇದು ಕರೆಂಟಾ? ಇದು ಬ್ಯಾಟ್ರಿ!”

ಇಸಾಬೆಲ್ ಗಂಡನ ಮುಖ ನೋಡಿದಳು. ಮೈಕಲ್ ಕೆಂಡದ ಮುಖ ನೋಡುತ್ತ, “ಹಾಕು ಹಾಕು, ಎಂತ ತೊಂದರೆ ಇಲ್ಲ,” ಎಂದ.

ಐವತ್ತಮೂರು.

ಸೂರ್ಯ ಮುಳುಗುತ್ತಲೇ ಎಲ್ಲರೂ ಚಾಪೆಯ ಮೇಲೆ ತೇರ್ಸಿಗೆ ಕುಳಿತರು. ಜಪಮಾಲೆಯ ಈ ಪ್ರಾರ್ಥನೆಯಲ್ಲಿ ಹತ್ತು ಹತ್ತು ಮಣಿಗಳ ಐದು ಸುತ್ತು. ಒಬ್ಬೊಬ್ಬರು ಒಂದೊಂದು ಸುತ್ತು ನಡೆಸುವುದು, ಉಳಿದವರು ಪ್ರತಿ ಮಣಿಗೂ ಒಟ್ಟಾಗಿ ಉತ್ತರ ಹೇಳುವುದು. ಶುರು ಮಾಡುವ ಮೊದಲು ಅದನ್ನು ಯಾವ ಕೋರಿಕೆಗೆ ಒಪ್ಪಿಸುತ್ತೇನೆಂದು ಹೇಳುವುದು. ನಡುವೆ ಬೇರೆ ಮಾತಿಲ್ಲ. ಹಾಲು ಉಕ್ಕಿದರೂ ಇಲ್ಲ, ಬಾಗಿಲು ಬಡಿದರೂ ಇಲ್ಲ. ರಾನ್ಸನ್ ತನ್ನ ಭಾವನ ವೀಸಾಕ್ಕೆ ಒಪ್ಪಿಸಿದ. ರೋಶ್ನಿ ತಾಯಿಯ ಮೊಣಕಾಲಿಗೆ ಒಪ್ಪಿಸಿದಳು. ಕ್ಯಾಲ್ವಿನ್ ಮಗುವಿನ ಹಲ್ಲಿಗೆ. ನಾಲ್ಕನೆಯದು ಮೈಕಲನದು. ಅವನು ಗಂಟಲು ಸರಿಮಾಡಿಕೊಂಡು, ಇಗರ್ಜಿಯಲ್ಲಿ ಹಾಡುವ ಆ ದಪ್ಪ ಸ್ವರದಲ್ಲಿ, “ನಮ್ಮ ಮೂರು ಕುಟುಂಬಗಳ ನಡುವೆ ಯಾವ ಮುಚ್ಚುಮರೆಯೂ ಇಲ್ಲದ ಪ್ರೀತಿ ಬೆಳೆಯಲಿ ಎಂದು,” ಎಂದ.

ಬೆಳಗ್ಗಿನಿಂದ ಹಿಡಿದಿಟ್ಟ ಇಸಾಬೆಲಳ ತಾಳ್ಮೆ ಅಲ್ಲಿಗೆ ಹರಿಯಿತು. ಮಿಕ್ಸಿಯನ್ನು ಸಹಿಸಿದ್ದಳು, ಟೊಪ್ಪಿಯ ಮಾತನ್ನೂ ಸಹಿಸಿದ್ದಳು. ಇದನ್ನು ಸಹಿಸಲಾಗಲಿಲ್ಲ. ಅವನ ಹತ್ತು ಮಣಿಗಳು ಮುಗಿಯುವವರೆಗೂ ಹಲ್ಲು ಕಚ್ಚಿ ಉತ್ತರ ಕೊಟ್ಟಳು. ಐದನೆಯದು ಅವಳದು.

“ಈ ಹತ್ತನ್ನು ನನ್ನ ಗಂಡ ಮೈಕಲನಿಗೋಸ್ಕರ ಒಪ್ಪಿಸ್ತೇನೆ,” ಎಂದಳು ಸಾವಕಾಶವಾಗಿ. “ಅವರಿಗೆ ನಿದ್ದೆಯಲ್ಲಿ ಉಸಿರು ನಿಲ್ತದೆ. ಒಂದು ಗಂಟೆಯಲ್ಲಿ ಮೂವತ್ತೆರಡು ಸಲ ಅಂತ ಡಾಕ್ಟ್ರು ಎಣಿಸಿದ್ದಾರೆ. ಅವರು ಮೆಷಿನ್ ಹಾಕಿ ಮಲಗುದು. ಮೆಷಿನ್ ಇಲ್ಲದಿದ್ರೆ ನಾಳೆ ನಮ್ಮೆಲ್ಲರನ್ನು ಕೂರಿಸಿಕೊಂಡು ನಿದ್ದೆ ಹೊಡೀತಾ ಗಾಡಿ ಓಡಿಸ್ತಾರೆ. ಆ ಮೆಷಿನಿನ ಬ್ಯಾಟ್ರಿ ಐವತ್ತಮೂರಕ್ಕೆ ಬಂದು ನಿಂತಿದೆ. ಮಾತೆ ಮರಿಯಮ್ಮನೇ, ಇನ್ನು ಬೆಳಗ್ಗೆವರೆಗೆ ಅದಕ್ಕೆ ಯಾರ ಕೈಯೂ ತಾಗದ ಹಾಗೆ ಕಾಪಾಡು.”

ಮತ್ತೆ ಉಸಿರು ತೆಗೆದುಕೊಳ್ಳದೆ ಮೊದಲ ಮಣಿಯ ನಮಾನ್ ಮರಿಯೆ ಜಪ ಶುರುಮಾಡಿದಳು.

ಉತ್ತರ ಬರಲು ತಡವಾಯಿತು. ಬಂದಾಗಲೂ ಅದರಲ್ಲಿ ಮೈಕಲನ ಸ್ವರ ಇರಲಿಲ್ಲ. ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ಪ್ರಾರ್ಥನೆಯ ನಡುವೆ ಎದ್ದು ಹೋಗುವ ಹಾಗಿಲ್ಲ, ಹೆಂಡತಿಯನ್ನು ಬೈಯುವ ಹಾಗಂತೂ ಇಲ್ಲವೇ ಇಲ್ಲ. ಐದನೆಯದಕ್ಕೆ ಆ ದಪ್ಪ ಸ್ವರ ಬಂತು, ಕಲ್ಲು ಕಡಿದ ಹಾಗೆ. ಏಳನೆಯದರಲ್ಲಿ ಕ್ಯಾಲ್ವಿನ್ ಕುಳಿತಲ್ಲಿಂದಲೇ ಕೈ ಚಾಚಿ ಬಲ್ಬಿನ ಸರವನ್ನು ಕಿತ್ತ. ಕೆಂಡದ ಬೆಳಕು ಮಾತ್ರ ಉಳಿಯಿತು. ಒಂಬತ್ತನೆಯದಕ್ಕೆ ರಾನ್ಸನ್ ತನ್ನ ಎರಡು ಮೊಬೈಲು ತೆಗೆದು ಜೇಬಿಗೆ ಹಾಕಿಕೊಂಡ.

ತೇರ್ಸ್ ಮುಗಿದು, ರಿಯೋನಾ ಪದ್ಧತಿಯಂತೆ ಅಪ್ಪನ ಮುಂದೆ ಕೈಜೋಡಿಸಿ ಬೆಸಾಂವ್ ಬೇಡಿದಳು. ಮೈಕಲ್ ಮಗಳ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ. ಆ ಕೈಯನ್ನು ಹಾಗೆಯೇ ಹೆಂಡತಿಯ ಕಡೆಗೆ ತಿರುಗಿಸಿದ.

“ನೀನು ಆಲ್ತಾರಿನ ಮುಂದೆ ಆಣೆ ಹಾಕಿದ್ದೆ!”

“ಮನುಷ್ಯರಿಗೆ ಹೇಳುದಿಲ್ಲ ಅಂತ. ನಾನು ಮಾತೆಗೆ ಹೇಳಿದ್ದು. ನಡುವೆ ಇವರು ಕಿವಿ ಕೊಟ್ರೆ ಅದಕ್ಕೆ ನಾನೆಂತ ಮಾಡ್ಲಿ?”

“ಅಲ್ಲ ಮೈಕಲ್ ಬಾಬ್,” ಎಂದ ರಾನ್ಸನ್, “ಮೊದಲೇ ಹೇಳ್ಬಾರ್ದಿತ್ತಾ? ನಾವೇನು ನಗ್ತಿದ್ದೆವಾ?” ಒಂದು ಗಳಿಗೆ ತಡೆದ. ಹೆಚ್ಚು ತಡೆಯಲಾಗಲಿಲ್ಲ. “ಮಾಸ್ಕ್, ಕೊಳವೆ ಎಲ್ಲ ಉಂಟಲ್ವಾ? ಹಾಗಾದ್ರೆ ಇನ್ನು ನೀವು ಪೈಲಟ್.”

ರೋಶ್ನಿ ಅವನ ತೊಡೆ ಚಿವುಟಿದಳು. ತಡವಾಗಿತ್ತು, ಹೆಸರು ಬಿದ್ದಾಗಿತ್ತು. ಮೈಕಲ್ ಎದ್ದು ನಿಂತ. “ನಾನು ಮೆಷಿನೂ ಹಾಕುದಿಲ್ಲ, ಮಲಗುದೂ ಇಲ್ಲ. ಬೆಳಗ್ಗೆವರೆಗೆ ಈ ಕೆಂಡದ ಹತ್ರ ಕೂರ್ತೇನೆ. ನಿಮಗೆ ಪ್ರೊಜೆಕ್ಟರ್ ಬೇಕಾದ್ರೆ ಹಾಕಿ.”

ಇಷ್ಟೆಲ್ಲ ಮಾಡಿದ್ದು ಇದನ್ನು ಕೇಳಲಿಕ್ಕಾ! ಇಸಾಬೆಲಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಚಾಪೆಯ ಮೇಲಿದ್ದ ಗಾಡಿಯ ಕೀಯನ್ನು ಎತ್ತಿ ರಾನ್ಸನ್‌ನ ಕೈಗೆ ಹಾಕಿದಳು.

“ನಿಮ್ಮ ಗಾಡಿ ರೋಶ್ನಿ ತರ್ತಾಳೆ. ನಾಳೆ ಇವರದ್ದನ್ನು ನೀವು ಓಡಿಸಿ.”

“ಯಲ್ಲಾ, ಆಗ್ಲಿ!” ರಾನ್ಸನ್ ಕೀಯನ್ನು ಮೇಲಕ್ಕೆಸೆದು ಹಿಡಿದ. “ಸಮುದ್ರದ ಸೇತುವೆಯ ಮೇಲೆ ಒಂದು ನೂರ ನಲ್ವತ್ತು ಹೊಡೆದು ನೋಡುವ.”

ಮೈಕಲನಿಗೆ ಗಾಡಿಯೆಂದರೆ ಜೀವ; ತೊಳೆಯುವವನು ಅದರ ಬಾಗಿಲನ್ನು ಜೋರಾಗಿ ಹಾಕಿದರೂ ಮುಖ ಬಾಡುತ್ತಿತ್ತು. “ಕೀ ಕೊಡು,” ಎಂದ.

“ಮಾಸ್ಕ್ ಹಾಕ್ತೀರಾ?” ಎಂದಳು ಇಸಾಬೆಲ್.

“ಮೊದಲು ಕೀ.”

“ಮೊದಲು ಮಾಸ್ಕ್.”

“ಖಲಾಸ್ ಮಾರಾಯ್ತಿ, ಹಾಕ್ತೇನೆ!”

ಒಂಬತ್ತು ಗಂಟೆಗೆ ಹಾಸಿಗೆ ಹಾಸಿ ಮೆಷಿನ್ ಜೋಡಿಸಿದರು. ಜೋಡಿಸಿದ್ದು ಒಬ್ಬಳು, ಸಲಹೆ ಕೊಟ್ಟದ್ದು ನಾಲ್ವರು. ರೋಶ್ನಿ ಮಾಸ್ಕನ್ನು ತನ್ನ ಮೂಗಿಗೆ ಹಿಡಿದು ನೋಡಿ, ಇಂಥದ್ದು ಇವರಿಗೂ ಬೇಕೋ ಏನೋ ಎಂದು ಗಂಡನನ್ನು ತೋರಿಸಿದಳು. ಕ್ಯಾಲ್ವಿನ್ ಜೊತೆಗಿದ್ದ ಪುಸ್ತಕ ಓದಿ, ಮೆಷಿನಿನ ನೀರಿನ ಹೀಟರ್ ಹಾಕಿದರೆ ಬ್ಯಾಟರಿ ರಾತ್ರಿ ಎರಡು ಗಂಟೆಗೇ ಸತ್ತು ಹೋಗುತ್ತದೆ, ಬಿಟ್ಟರೆ ಬೆಳಗ್ಗೆವರೆಗೆ ಸಾಕು ಎಂದ.

“ಹೀಟರ್ ಇಲ್ಲದಿದ್ರೆ ನನಗೆ ಮೂಗು ಒಣಗ್ತದೆ,” ಎಂದ ಮೈಕಲ್.

“ಒಣಗ್ಲಿ,” ಎಂದು ಇಸಾಬೆಲ್ ಹೀಟರ್ ಆರಿಸುವ ಬಟನ್ ಒತ್ತಿದಳು.

ಬೆಳಗ್ಗೆ ಏಳಕ್ಕೆ ಬ್ಯಾಟರಿ ಒಂಬತ್ತು ತೋರಿಸುತ್ತಿತ್ತು. ಒಂಬತ್ತೂವರೆಗೆ ಗಾಡಿ ಸಮುದ್ರದ ಮೇಲಿನ ಆ ಉದ್ದನೆಯ ಸೇತುವೆ ಹತ್ತಿತು. ಎರಡೂ ಬದಿಗೆ ನೀರು, ಮುಂದೆ ದಾರದ ಹಾಗೆ ನೇರ ರಸ್ತೆ, ಮುಖಕ್ಕೆ ಎಳೆಬಿಸಿಲು. ನಿದ್ದೆಗೆ ಹಾಸಿಗೆ ಹಾಸಿಕೊಟ್ಟಂಥ ದಾರಿ. ಹಿಂದೆ ಕ್ಯಾಲ್ವಿನ್, ಅವನ ಹೆಂಡತಿ, ಮಗು, ರಿಯೋನಾ ಎಲ್ಲರೂ ಒಬ್ಬರ ಮೇಲೊಬ್ಬರು ವಾಲಿ ಮಲಗಿದ್ದರು. ಮೈಕಲ್ ಮಾತ್ರ ಹೊರಟಾಗಿನಿಂದ ಬಾಯಿ ಮುಚ್ಚಿರಲಿಲ್ಲ. ಮೂಗು ಒಣಗಿ ಹಪ್ಪಳವಾಗಿದೆಯಂತೆ. ಗಂಟಲು ಮರಳಾಗಿದೆಯಂತೆ. ತೇರ್ಸನ್ನು ಹೀಗೆಲ್ಲ ಉಪಯೋಗಿಸಬಹುದಾ ಎಂದು ಪಾದ್ರಿಗಳ ಹತ್ತಿರವೇ ಕೇಳುತ್ತಾನಂತೆ. ರಾನ್ಸನ್ ಅಷ್ಟರಲ್ಲಿ ವಾಟ್ಸಾಪಿನಲ್ಲಿ ವಿಮಾನದ ಚಿತ್ರ ಬೇರೆ ಹಾಕಿದ್ದಾನಂತೆ.

ಇಸಾಬೆಲ್ ಓರೆಗಣ್ಣಿನಿಂದ ಅವನ ರೆಪ್ಪೆಗಳನ್ನೇ ನೋಡುತ್ತಿದ್ದಳು.

“ಮುಂದೆ ಲಾರಿ ಉಂಟು,” ಎಂದಳು.

“ಕಾಣ್ತದೆ! ನಾನೇನು ನಿದ್ದೆ ಮಾಡ್ತಾ ಇದ್ದೇನಾ?”

“ಇಲ್ಲ,” ಎಂದು ಇಸಾಬೆಲ್ ಸೀಟಿಗೆ ಒರಗಿದಳು. “ಹೇಳಿ, ಮೂಗಿಗೆ ಮತ್ತೆ ಎಂತ ಆಯ್ತು?”