ಎಡಗೈಯವನ ಚೂರಿ

ನೆಮ್ಮಾರಿನ ಯೋಗೇಂದ್ರನ ಹೋಮ್‌ಸ್ಟೇಯಲ್ಲಿ ಅತಿಥಿಗಳಿಗೆ ಕಾಫಿಯ ಜೊತೆ ಚೂರಿಗಳ ಪುರಾಣವೂ ಸಿಗುತ್ತಿತ್ತು. ಮಡಚುವ ಶಿಕಾರಿ ಚೂರಿಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಬಟ್ಟೆಯ ಮೇಲೆ ಮಲಗಿಸಿದ್ದ.

"ಇದು ಮುತ್ತಜ್ಜಂದು. ಪರದೇಶದ ಉಕ್ಕು, ಜಿಂಕೆ ಕೊಂಬಿನ ಹಿಡಿ. ಒರೆಸದೆ ಇಟ್ರೆ ಒಂದೇ ಮಳೆಗೆ ತುಕ್ಕು. ಆದ್ರೆ ಒಮ್ಮೆ ಮಸೆದ್ರೆ ಇಡೀ ಹಂದಿ ಬಿಡಿಸ್ಬಹುದು. ಇದು ಅಪ್ಪಂದು, ಬೀಟೆ ಹಿಡಿ. ಇದು ನಾನು ತರಿಸಿದ್ದು, ಸ್ಟೈನ್‌ಲೆಸ್, ಪ್ಲಾಸ್ಟಿಕ್ ಹಿಡಿ. ತುಕ್ಕಿನ ಮಾತೇ ಇಲ್ಲ, ಮೊಂಡಾದ್ರೆ ಮಾತ್ರ ಮಸೆಯೋಕೆ ಪ್ರಾಣ ಹೋಗ್ತದೆ."

ಕಾಫಿ ತಟ್ಟೆ ಹಿಡಿದು ನಿಂತಿದ್ದ ಕೆಲಸದ ಶಾಂಭವಿಯ ಕಣ್ಣು ಕೊನೆಯ ಚೂರಿಯ ಮೇಲೆ ನೆಟ್ಟಿತ್ತು. ಕಪ್ಪು ಬೈನೆ ಮರದ ಹಿಡಿ, ಸೀಳು ಬಿಟ್ಟಲ್ಲಿ ತಾಮ್ರದ ತಂತಿಯ ಸುತ್ತು. ನಿನ್ನೆ ಅಟ್ಟ ಗುಡಿಸುವಾಗ ಸಿಕ್ಕಿತಂತೆ. ಇದೇ ತೋಟದಲ್ಲಿ ಮೈ ಸವೆಸಿದ ಅವಳಪ್ಪ ನಾಗಪ್ಪ, ಲಾರಿಯ ಸ್ಪ್ರಿಂಗ್ ಪಟ್ಟೆಯ ಉಕ್ಕನ್ನು ಕೊಪ್ಪದ ಕುಲುಮೆಯಲ್ಲಿ ಬಡಿಸಿ ಮಾಡಿಸಿಕೊಂಡ ಚೂರಿ. ಅವನು ಹಾಸಿಗೆ ಹಿಡಿದಾಗ ಯೋಗೇಂದ್ರನ ತಂದೆ "ನೋಡಿ ಕೊಡ್ತೀನಿ" ಎಂದು ಒಯ್ದಿದ್ದರು. ಸಾಯುವವರೆಗೂ ಅಪ್ಪ ದಿಂಬಿನಡಿ ಕೈಯಾಡಿಸಿ ಅದನ್ನೇ ಹುಡುಕುತ್ತಿದ್ದ.

"ಇದು ಯಾರದ್ದು?" ಅತಿಥಿ ಹೆಂಗಸು ಅದನ್ನೇ ತೋರಿಸಿ ಕೇಳಿದರು.

"ಅಜ್ಜ ಸ್ವತಃ ನಿಂತು ಮಾಡಿಸಿದ್ದು. ಕಾಡಿಗೆ ಹೊರಟ್ರೆ ಸೊಂಟದಲ್ಲಿ ಇದೇ."

ಯೋಗೇಂದ್ರ ಅದನ್ನು ಪೆಟ್ಟಿಗೆಯಿಂದ ತೆಗೆದು ಬಿಚ್ಚಿ ತೋರಿಸಲು ಹೋದ. ಉಗುರು ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. "ತುಕ್ಕು ಹಿಡಿದಿದೆ" ಎಂದ.

"ತುಕ್ಕಲ್ಲ ಒಡೇರೆ, ಉಗುರು ಇಡೋ ಗೀರು ಆಚೆ ಬದಿಗಿದೆ." ಶಾಂಭವಿ ತಟ್ಟೆ ಕೆಳಗಿಟ್ಟು ಚೂರಿಯನ್ನು ಅವನ ಕೈಯಿಂದಲೇ ತೆಗೆದುಕೊಂಡಳು. ಬಲಗೈಯಲ್ಲಿ ಹಿಡಿದು ಎಡ ಹೆಬ್ಬೆರಳಿನ ಉಗುರು ಕೊಟ್ಟಳು. ಟಕ್ಕೆಂದು ತೆರೆಯಿತು. "ನಮ್ಮಪ್ಪ ಎಡಚ. ಅದಕ್ಕೇ ಈ ಕಡೆ ಗೀರು ಹೊಡೆಸಿದ್ದು. ನಿಮ್ಮಜ್ಜನೂ ಎಡಚರಾಗಿದ್ರಾ?"

ಯೋಗೇಂದ್ರ ನಕ್ಕಂತೆ ಮಾಡಿ ಅತಿಥಿಗಳನ್ನು ತಿಂಡಿಗೆ ಕಳಿಸಿದ. ಅವರು ಮರೆಯಾದದ್ದೇ ಅವನ ದನಿ ಬದಲಾಯಿತು.

"ಎಂಥ ಮಾರಾಯ್ತಿ, ಬಂದವ್ರ ಎದುರಿಗೆ ಮರ್ಯಾದೆ ತೆಗೀತೀಯಲ್ಲ. ಆಯ್ತು, ನಿಮ್ಮಪ್ಪಂದೇ ಅಂತಿಟ್ಕ. ಶಿಕಾರಿ ಚೂರಿ ನಿಮ್ಮನೇಲಿ ಸಿಕ್ರೆ ಫಾರೆಸ್ಟ್‌ನವ್ರು ಕಳ್ಳಬೇಟೆ ಅಂತಾರೆ. ಇಲ್ಲಿದ್ರೆ ಹಳೇ ವಸ್ತು. ನಿನ್ನ ಒಳ್ಳೇದಕ್ಕೇ ಹೇಳೋದು, ಇಡು ಅಲ್ಲಿ."

ಶಾಂಭವಿ ಚೂರಿ ಇಡಲಿಲ್ಲ. ಹಳುವಿನ ಪೊದೆಗಳಿಗೆ ನುಗ್ಗಿ, ಮುಳ್ಳಿಗೆ ಮೈಕೊಟ್ಟು ಹಂದಿ ಎಬ್ಬಿಸಿದವನು ಅಪ್ಪ. ಕೋವಿ ಹಿಡಿದು ದಿಬ್ಬದ ಮೇಲೆ ಕೂತವರು ಇವರು. ತೊಡೆಮಾಂಸ ಇವರ ಮನೆಗೆ, ಕರುಳು ತೊಳೆಯುವ ಕೆಲಸ ಅಪ್ಪನಿಗೆ. ಅದೇ ಕಾಡು, ಅದೇ ಹಂದಿ. ಗಾಜಿನ ಒಳಗೆ ಹೋದದ್ದು ಮನೆತನದ ಹೆಮ್ಮೆ, ಹೊರಗೆ ಉಳಿದದ್ದು ಕೇಸು! ಎಡಗೈಯಲ್ಲಿ ಲೋಟ ಕೊಟ್ಟರೆ ಮುಖ ಸಿಂಡರಿಸಿ, ತೊಳೆದು ತಾ ಎನ್ನುವ ಈ ಮನೆಗೆ ಎಡಗೈಯವನ ಚೂರಿ ಮಾತ್ರ ಬೇಕು.

"ಆ ಜಿಂಕೆ ಕೊಂಬನ್ನ ಕೊಪ್ಪದ ಸಂತೇಲಿ ತಂದಿದ್ದಾ ಒಡೇರೆ?"

ಯೋಗೇಂದ್ರ ಗಾಜಿನ ಪೆಟ್ಟಿಗೆಯತ್ತ ನೋಡಿದ.

"ಕಳ್ಳಬೇಟೆಯವನ ಮಗಳು ಅಂತ್ಲೇ ಅನ್ನಿ. ಫಾರೆಸ್ಟ್‌ನವ್ರಿಗೆ ಈಗ್ಲೇ ಫೋನ್ ಮಾಡಿ. ನಾನು ಇದನ್ನ ತೋರಿಸ್ತೀನಿ, ನೀವು ಆ ಕೊಂಬಿನ ಹಿಡಿ ತೋರಿಸಿ."

ಮೇಜಿನ ಮೇಲಿದ್ದ ಫೋನಿನತ್ತ ಹೋದ ಅವನ ಕೈ ಅಲ್ಲೇ ನಿಂತಿತು. ಒಳಗಿನಿಂದ ಅತಿಥಿಗಳ ನಗು ಕೇಳಿಸುತ್ತಿತ್ತು.

ಶಾಂಭವಿ ಚೂರಿ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ತಟ್ಟೆಯಿಂದ ಒಂದು ಲೋಟವನ್ನು ಎಡಗೈಯಲ್ಲಿ ಎತ್ತಿ ಅವನ ಮುಂದೆ ಹಿಡಿದಳು.

"ಕಾಫಿ ಆರ್ತಾ ಇದೆ, ತಗಳಿ."

ಅವನು ತೆಗೆದುಕೊಂಡ.